ನಕ್ಷತ್ರದ ತೋಳುಗಳಲ್ಲಿ ಔಷಧ

ಕಹಿಮದ್ದನ್ನು ಬೆಲ್ಲದಲ್ಲಿ ಅಡಗಿಸಿ ಮಗುವಿಗೆ ನುಂಗಿಸುವ ಉಪಾಯ ಯಾವ ಮನೆಯ ಅಜ್ಜಿಗೆ ತಿಳಿಯದು? ವೈದ್ಯರು ಚೂರ್ಣವನ್ನು ಕೊಟ್ಟು, ಇದನ್ನು ಜೇನಿನಲ್ಲಿ ಕಲಸಿ ನೆಕ್ಕಬೇಕು, ಅದನ್ನು ತುಪ್ಪದೊಡನೆ ಸೇವಿಸಬೇಕು ಎಂದು ಹೇಳುವುದೂ ಹೊಸದಲ್ಲ. ಜೇನು, ತುಪ್ಪ, ಹಾಲು ಅಲ್ಲಿ ಮದ್ದಿನ ಜೊತೆಗಾರರು. ಅವುಗಳಿಗೆ ‘ಅನುಪಾನ’ವೆಂದು ಹೆಸರು. ಮದ್ದು ಎಷ್ಟೇ ಶ್ರೇಷ್ಠವಾಗಿರಲಿ, ಅದರ ಜೊತೆಗಾರ ತಕ್ಕವನಲ್ಲದಿದ್ದರೆ ಫಲ ಅಷ್ಟಕ್ಕಷ್ಟೆ ಎಂಬ ತಿಳಿವಳಿಕೆ ಈ ಪದ್ಧತಿಯ ಹಿಂದೆ ಇದೆ.

ಇಂದಿನ ರಸಾಯನ ವಿಜ್ಞಾನಿಗಳೂ ಒಂದು ಬಗೆಯ ಅನುಪಾನದ ಹುಡುಕಾಟದಲ್ಲಿಯೇ ಇದ್ದಾರೆ. ಆದರೆ ಅವರು ಅದನ್ನು ಅಡಿಗೆಮನೆಯ ಭರಣಿಯಲ್ಲಿ ಹುಡುಕುವುದಿಲ್ಲ. ಅಣುವಿಗೆ ಅಣು ಜೋಡಿಸಿ, ಬೇಕಾದ ಆಕಾರದಲ್ಲಿ ತಾವೇ ಕಟ್ಟುತ್ತಾರೆ. ಹಾಗೆ ಕಟ್ಟಿದ ಆಕಾರಗಳಲ್ಲಿ ಒಂದಕ್ಕೆ ನಡುವೆ ಒಂದು ಕೇಂದ್ರ, ಅಲ್ಲಿಂದ ಸುತ್ತಲೂ ಚಾಚಿದ ತೋಳುಗಳು. ಮಕ್ಕಳು ಸ್ಲೇಟಿನ ಮೇಲೆ ಬರೆಯುವ ನಕ್ಷತ್ರದಂತೆಯೇ ಅದರ ರೂಪ. ವಿಜ್ಞಾನಿಗಳು ಅದನ್ನು ‘ನಕ್ಷತ್ರಾಕಾರದ ಕೋಪಾಲಿಮರ್’ ಎಂದು ಕರೆಯುತ್ತಾರೆ. ಬರಿಗಣ್ಣಿಗೆ ಕಾಣದ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಸಿಕ್ಕದ ಈ ನಕ್ಷತ್ರದ ಮೇಲೆ ಕ್ಯಾನ್ಸರಿನಂಥ ರೋಗಗಳ ಚಿಕಿತ್ಸೆಯ ದೊಡ್ಡದೊಂದು ಆಸೆ ನಿಂತಿದೆ. ಆ ಆಸೆ ಹೇಗೆ ಹುಟ್ಟಿತು, ಎಲ್ಲಿ ಕೈಗೂಡಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ತಿಳಿಯುವುದು ರೋಗಿಗಳಿಗೂ ಅವರ ಮನೆಯವರಿಗೂ ಅಗತ್ಯ.

ಮದ್ದಿಗೆ ವಿಳಾಸ ತಿಳಿಯದು

ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ‘ಯೂ’ ಎಂಬ ಮರ ಬೆಳೆಯುತ್ತದೆ. ಅದರ ತೊಗಟೆಯಿಂದ ಕ್ಯಾನ್ಸರಿನ ಜೀವಕೋಶಗಳನ್ನು ಕೊಲ್ಲಬಲ್ಲ ವಸ್ತುವೊಂದನ್ನು ಬೇರ್ಪಡಿಸಿ, 1971ರಲ್ಲಿ ಅದರ ಅಣುರಚನೆಯನ್ನು ಪ್ರಕಟಿಸಿದ ತಂಡದ ಮುಂದಾಳುಗಳು ಮನ್ರೋ ವಾಲ್ ಮತ್ತು ಮನಸುಖ ವಾನಿ. ವಾನಿಯವರು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, ಅಮೆರಿಕಕ್ಕೆ ತೆರಳಿದವರು. ‘ಪ್ಯಾಕ್ಲಿಟ್ಯಾಕ್ಸೆಲ್’ ಎಂಬ ಆ ವಸ್ತು ಅಮೆರಿಕದಲ್ಲಿ ಔಷಧವೆಂದು ಅಂಗೀಕಾರ ಪಡೆದುದು 1992ರಲ್ಲಿ. ಮರದ ತೊಗಟೆಯಿಂದ ರೋಗಿಯ ರಕ್ತನಾಳಕ್ಕೆ ಬರಲು 21 ವರ್ಷ ಹಿಡಿಯಿತು.

ಈ ತಡಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದ ಒಂದು, ಆ ವಸ್ತು ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ ಕರಗುತ್ತದೆ ಎಂಬುದು. ರಕ್ತದ ಬಹುಭಾಗ ನೀರು. ನೀರಿನಲ್ಲಿ ಕರಗದ ಮದ್ದನ್ನು ರಕ್ತಕ್ಕೆ ಸೇರಿಸುವುದು ಹೇಗೆ? ಕೊನೆಗೆ ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರವ ಮತ್ತು ಆಲ್ಕೊಹಾಲುಗಳ ಮಿಶ್ರಣದಲ್ಲಿ ಅದನ್ನು ಕರಗಿಸಿ, ತೊಟ್ಟುತೊಟ್ಟಾಗಿ ಗಂಟೆಗಟ್ಟಲೆ ಏರಿಸುವ ಕ್ರಮ ಬಂದಿತು. ಆದರೆ ಆ ದ್ರವ ಹಲವರ ದೇಹಕ್ಕೆ ಒಗ್ಗಲಿಲ್ಲ. ಉಸಿರು ಕಟ್ಟುವುದು, ರಕ್ತದೊತ್ತಡ ಕುಸಿಯುವುದು ಮುಂತಾದ ಅಪಾಯಗಳು ತಲೆದೋರಿದುವು. ಅವನ್ನು ತಡೆಯಲು ಮೊದಲೇ ಬೇರೆ ಮದ್ದುಗಳನ್ನು ಕೊಡಬೇಕಾಯಿತು. ಜೊತೆಗಾರನೇ ಕಾಟಗಾರನಾದನು.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ರಕ್ತಕ್ಕೆ ಸೇರಿದ ಮದ್ದಿಗೆ ತಾನು ಹೋಗಬೇಕಾದ ಮನೆಯ ವಿಳಾಸ ತಿಳಿಯದು. ಅದು ಮೈಯೆಲ್ಲ ಸುತ್ತುತ್ತದೆ. ಬೇಗಬೇಗನೆ ಒಡೆದು ಹೆಚ್ಚುವ ಜೀವಕೋಶಗಳನ್ನು ಕೊಲ್ಲುವುದು ಅದರ ಗುಣ. ಕ್ಯಾನ್ಸರಿನ ಕೋಶಗಳು ಹಾಗೆ ಹೆಚ್ಚುತ್ತವೆ, ನಿಜ. ಆದರೆ ಕೂದಲಿನ ಬುಡ, ಬಾಯಿಯ ಒಳಚರ್ಮ, ಕರುಳಿನ ಒಳಪದರ, ಮೂಳೆಯ ಮಜ್ಜೆ ಇವುಗಳ ಕೋಶಗಳೂ ಬೇಗನೆಯೇ ಹೆಚ್ಚುತ್ತವೆ. ಆದುದರಿಂದಲೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ರಕ್ತದ ಬಿಳಿಕಣಗಳು ಇಳಿಯುವುದು. ಇಲಿಯ ಕಾಟಕ್ಕೆ ಮನೆಗೇ ಬೆಂಕಿಯಿಟ್ಟ ಗಾದೆಯ ಮಾತು ಇಲ್ಲಿ ಅತಿಶಯೋಕ್ತಿಯಾದರೂ ಪೂರ್ತಿ ಸುಳ್ಳಲ್ಲ.

ರೋಗದ ಮೂಲವನ್ನು ಮಾತ್ರ ಹುಡುಕಿಕೊಂಡು ಹೋಗಿ ಹೊಡೆಯುವ, ಉಳಿದ ದೇಹಕ್ಕೆ ನೋವಾಗದ ‘ಮಾಯದ ಗುಂಡು’ ಬೇಕೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಕನಸು ಕಂಡವರು ಜರ್ಮನಿಯ ಪಾಲ್ ಎರ್ಲಿಕ್; 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮಹಾನುಭಾವರು. ಮದ್ದಿಗೆ ತಾನಾಗಿ ಆ ಗುಣವಿಲ್ಲದಿದ್ದರೆ, ಅದನ್ನು ಹೊರುವ ವಾಹನಕ್ಕಾದರೂ ಆ ಗುಣವನ್ನು ಕೊಡಬಹುದಲ್ಲವೆ? ಈ ಪ್ರಶ್ನೆಯೇ ಪಾಲಿಮರುಗಳ ಲೋಕಕ್ಕೆ ಬಾಗಿಲು ತೆರೆಯಿತು.

ಹೂಮಾಲೆಯ ರಸಾಯನ

ಪಾಲಿಮರ್ ಎಂದರೆ ಸಣ್ಣ ಅಣುಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಪೋಣಿಸಿದ ಉದ್ದನೆಯ ಅಣು. ಹತ್ತಿ, ರೇಷ್ಮೆ, ರಬ್ಬರು, ನೈಲಾನ್, ಪ್ಲಾಸ್ಟಿಕ್—ಇವೆಲ್ಲ ಪಾಲಿಮರುಗಳೇ. ಇಂದು ಶಾಲೆಯ ಮಕ್ಕಳಿಗೂ ಗೊತ್ತಿರುವ ಈ ಸಂಗತಿಯನ್ನು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಮುಂದಿಟ್ಟಾಗ ಅವರ ಸಮಕಾಲೀನರಲ್ಲಿ ಅನೇಕರು ಒಪ್ಪಲಿಲ್ಲ. ಅಷ್ಟು ದೊಡ್ಡ ಅಣು ಇರಲಾರದು, ಸಣ್ಣ ಅಣುಗಳು ಗುಂಪುಗೂಡಿ ಹಾಗೆ ತೋರುತ್ತವೆ ಎಂಬುದು ಅವರ ವಾದ. ಸ್ಟೌಡಿಂಗರ್ ಪಟ್ಟು ಬಿಡಲಿಲ್ಲ. ಅವರ ಮಾತು ನಿಜವೆಂದು ಸ್ಥಿರಪಟ್ಟು, ನೊಬೆಲ್ ಪಾರಿತೋಷಕ ಕೈಸೇರಿದಾಗ 1953ನೆಯ ಇಸವಿ. ಆಗ ಅವರ ವಯಸ್ಸು 72.

ಹೂಮಾಲೆಯನ್ನು ನೆನೆದರೆ ಪಾಲಿಮರಿನ ಬಗೆಗಳು ಸುಲಭವಾಗಿ ತಿಳಿಯುತ್ತವೆ. ಬರಿಯ ಮಲ್ಲಿಗೆಯನ್ನೇ ಕಟ್ಟಿದ ಮಾಲೆ ಒಂದೇ ಘಟಕದ ಪಾಲಿಮರ್. ಮಲ್ಲಿಗೆಯ ಜೊತೆಗೆ ಕನಕಾಂಬರವನ್ನೂ ಸೇರಿಸಿ ಕಟ್ಟಿದರೆ ಅದು ‘ಕೋಪಾಲಿಮರ್’. ಅದರಲ್ಲಿಯೂ ಎರಡು ಹೂಗಳನ್ನು ಬೆರಸಿ ಕಟ್ಟುವುದು ಒಂದು ಬಗೆ. ಅರ್ಧ ಮಾಲೆಯಷ್ಟು ಮಲ್ಲಿಗೆಯನ್ನೇ ಕಟ್ಟಿ, ಮಿಕ್ಕ ಅರ್ಧಕ್ಕೆ ಕನಕಾಂಬರವನ್ನೇ ಮುಂದುವರಿಸುವುದು ಇನ್ನೊಂದು ಬಗೆ. ಈ ಎರಡನೆಯದು ಔಷಧದ ವಾಹನಕ್ಕೆ ಬೇಕಾದ ಮಾಲೆ. ಏಕೆಂದರೆ ಅದರ ಒಂದು ತುದಿಯ ಸ್ವಭಾವ ಬೇರೆ, ಇನ್ನೊಂದು ತುದಿಯ ಸ್ವಭಾವವೇ ಬೇರೆ.

ಸಾಬೂನು ಕಲಿಸಿದ ಪಾಠ

ಎಣ್ಣೆಯ ಜಿಡ್ಡು ನೀರಿಗೆ ಹೋಗದು. ಸಾಬೂನು ಹಚ್ಚಿದೊಡನೆ ಹೋಗುತ್ತದೆ. ಸಾಬೂನಿನ ಅಣುವಿನ ಒಂದು ತುದಿಗೆ ನೀರಿನ ಮೇಲೆ ಪ್ರೀತಿ, ಇನ್ನೊಂದು ತುದಿಗೆ ಎಣ್ಣೆಯ ಮೇಲೆ ಪ್ರೀತಿ. ನೀರಿನಲ್ಲಿ ಅಂಥ ಅಣುಗಳು ತಾವಾಗಿಯೇ ಗುಂಡಗೆ ಗುಂಪುಗೂಡುತ್ತವೆ. ನೀರನ್ನು ಒಲ್ಲದ ಬಾಲಗಳು ಒಳಗೆ, ನೀರನ್ನು ಒಲಿಯುವ ತಲೆಗಳು ಹೊರಗೆ. ಆ ಗುಂಡಿನ ಒಳಗೆ ಜಿಡ್ಡು ಸೇರಿಕೊಂಡು ನೀರಿನೊಡನೆ ಹರಿದುಹೋಗುತ್ತದೆ. ಈ ಗುಂಡಿಗೆ ‘ಮೈಸೆಲ್’ ಎಂದು ಹೆಸರು.

ಜಿಡ್ಡಿನ ಬದಲು ನೀರಿಗೆ ಕರಗದ ಔಷಧವನ್ನು, ಸಾಬೂನಿನ ಬದಲು ದೇಹಕ್ಕೆ ಹಗುರವಾದ ಕೋಪಾಲಿಮರನ್ನು ಇಟ್ಟರೆ ಕೆಲಸವಾಯಿತಲ್ಲ! ಜಪಾನಿನ ಕಜುನೋರಿ ಕತಾವೊಕ ಮೊದಲಾದವರು 1980ರ ದಶಕದ ಕೊನೆಯಿಂದ ಈ ದಾರಿಯಲ್ಲಿ ಶ್ರಮಿಸಿದರು. ಪ್ಯಾಕ್ಲಿಟ್ಯಾಕ್ಸೆಲನ್ನು ಪಾಲಿಮರ್ ಮೈಸೆಲಿನೊಳಗೆ ತುಂಬಿದ ಔಷಧಕ್ಕೆ 2007ರಲ್ಲಿ ದಕ್ಷಿಣ ಕೊರಿಯಾ ಅನುಮತಿ ಕೊಟ್ಟಿತು. ಹರಳೆಣ್ಣೆಯ ದ್ರವದ ಹಂಗು ಅಲ್ಲಿಗೆ ತಪ್ಪಿತು.

ಆದರೆ ಸಾಬೂನಿನ ಗುಂಪಿಗೆ ಒಂದು ದೌರ್ಬಲ್ಯವಿದೆ. ಅದು ಸಂತೆಯಲ್ಲಿ ಕೂಡಿದ ಜನದಂತೆ. ಯಾರೂ ಯಾರ ಕೈಯನ್ನೂ ಹಿಡಿದಿಲ್ಲ. ಅಣುಗಳು ದಟ್ಟವಾಗಿರುವಾಗ ಗುಂಪು ನಿಲ್ಲುತ್ತದೆ. ನೀರು ಬೆರಸುತ್ತ ಹೋದರೆ, ಒಂದು ಮಿತಿಯ ಕೆಳಗೆ ಗುಂಪು ಚದರಿಹೋಗುತ್ತದೆ. ವಯಸ್ಕ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಸೀಸೆಯಿಂದ ಇಳಿದ ಮೈಸೆಲುಗಳು ಆ ಹೊಳೆಯಲ್ಲಿ ಬೆರೆತ ಕೂಡಲೆ ತೆಳುವಾಗುತ್ತವೆ. ರಕ್ತದಲ್ಲಿರುವ ಪ್ರೋಟೀನುಗಳು ಅವುಗಳನ್ನು ಎಳೆದಾಡುತ್ತವೆ. ಗುಂಪು ಊರು ತಲುಪುವ ಮೊದಲೇ ಒಡೆದರೆ, ಹೊತ್ತ ಮದ್ದು ದಾರಿಯಲ್ಲಿಯೇ ಚೆಲ್ಲಿತು; ವಾಹನ ಕಟ್ಟಿದ ಶ್ರಮವೆಲ್ಲ ವ್ಯರ್ಥ.

ಒಂದೇ ಕಂಬಕ್ಕೆ ಬಿಗಿದ ತೋಳುಗಳು

ಈ ದೌರ್ಬಲ್ಯಕ್ಕೆ ಪರಿಹಾರವಾಗಿ ಬಂದುದೇ ನಕ್ಷತ್ರ. ಮಾಲೆಗಳನ್ನು ಬಿಡಿಬಿಡಿಯಾಗಿ ನೀರಿಗೆ ಹಾಕದೆ, ಅವುಗಳ ಒಂದೊಂದು ತುದಿಯನ್ನು ಒಂದೇ ಕೇಂದ್ರಕ್ಕೆ ರಾಸಾಯನಿಕ ಬಂಧದಿಂದ ಬಿಗಿದುಬಿಟ್ಟರೆ? ಪ್ರತಿ ತೋಳಿನಲ್ಲೂ ಕೇಂದ್ರದ ಕಡೆಗೆ ನೀರನ್ನು ಒಲ್ಲದ ಭಾಗ, ಹೊರತುದಿಯ ಕಡೆಗೆ ನೀರನ್ನು ಒಲಿಯುವ ಭಾಗ. ತೋಳುಗಳು ಸಾಕಷ್ಟು ಇದ್ದರೆ ಆ ಒಂದೇ ಅಣು ತಾನೇ ಒಂದು ಮೈಸೆಲ್ ಆಗುತ್ತದೆ. ಅದನ್ನು ಎಷ್ಟೇ ನೀರಿಗೆ ಬೆರಸಲಿ, ಚದರಿಹೋಗುವ ಪ್ರಶ್ನೆಯೇ ಇಲ್ಲ. ಚದರಲು ಅಲ್ಲಿ ಗುಂಪೇ ಇಲ್ಲ, ಇರುವುದು ಒಂದೇ ಅಣು. ತೋಳುಗಳು ನಾಲ್ಕೈದೇ ಇದ್ದರೆ ಕೆಲವು ನಕ್ಷತ್ರಗಳು ಕೂಡಿ ಗುಂಪಾಗಬೇಕಾಗುತ್ತದೆ. ಆದರೂ ಅಂಥ ಗುಂಪು ಬಿಡಿ ಮಾಲೆಗಳ ಗುಂಪಿಗಿಂತ ಸಾಮಾನ್ಯವಾಗಿ ಗಟ್ಟಿ.

ನಕ್ಷತ್ರಾಕಾರದ ಪಾಲಿಮರ್ ಔಷಧಕ್ಕಾಗಿಯೇ ಹುಟ್ಟಿದುದಲ್ಲ. 1948ರಲ್ಲಿಯೇ ಅಮೆರಿಕದ ಶೇಫ್‌ಗನ್ ಮತ್ತು ಪಾಲ್ ಫ್ಲೋರಿ, ಒಂದು ಕೇಂದ್ರದಿಂದ ನಾಲ್ಕು ಮತ್ತು ಎಂಟು ಸರಪಳಿಗಳು ಹೊರಡುವ ಪಾಲಿಮರುಗಳನ್ನು ತಯಾರಿಸಿ, ಅವುಗಳ ದ್ರವ ಎಷ್ಟು ಮಂದ, ಎಷ್ಟು ತೆಳು ಎಂದು ಅಳೆದಿದ್ದರು. ಒಂದೇ ತೂಕದ ಉದ್ದನೆಯ ಸರಪಳಿಗಿಂತ ನಕ್ಷತ್ರದ ಮೈ ಅಡಕವಾದುದು; ಹಗ್ಗವನ್ನು ಉದ್ದಕ್ಕೆ ಬಿಟ್ಟುದಕ್ಕೂ ಸುತ್ತಿ ಇಟ್ಟುದಕ್ಕೂ ಇರುವಂಥ ಅಂತರ. ಈ ಗುಣದಿಂದ ನಕ್ಷತ್ರ ಪಾಲಿಮರುಗಳು ಮೋಟಾರಿನ ಎಣ್ಣೆಯಲ್ಲಿಯೂ ಬಳಕೆಗೆ ಬಂದಿವೆ. ರಕ್ತನಾಳದ ದಾರಿ ಅವುಗಳಿಗೆ ಒದಗಿದುದು ಆಮೇಲೆ.

ಪ್ರಯೋಗಶಾಲೆಯಲ್ಲಿ

ಈ ನಕ್ಷತ್ರವನ್ನು ಕಟ್ಟುವ ರೀತಿಯೂ ಸ್ವಾರಸ್ಯವಾದುದು. ಎರಡು ಮಾರ್ಗಗಳು ಮುಖ್ಯವಾಗಿ ಬಳಕೆಯಲ್ಲಿವೆ. ಮೊದಲು ಕೇಂದ್ರವನ್ನಿಟ್ಟು ಅದರಿಂದ ತೋಳುಗಳನ್ನು ಬೆಳೆಸುವುದು ಒಂದು. ತೋಳುಗಳನ್ನು ಮೊದಲೇ ಸಿದ್ಧಪಡಿಸಿ, ಅನಂತರ ಕೇಂದ್ರದಲ್ಲಿ ಕೂಡಿಸುವುದು ಇನ್ನೊಂದು. ಮೊದಲನೆಯ ಮಾರ್ಗದಲ್ಲಿ ತೋಳುಗಳೆಷ್ಟೆಂಬುದನ್ನು ಕೇಂದ್ರವೇ ನಿರ್ಧರಿಸುತ್ತದೆ. ಎರಡನೆಯದರಲ್ಲಿ ಪ್ರತಿ ತೋಳನ್ನೂ ಮೊದಲೇ ಅಳೆದು ನೋಡಬಹುದು. ಆದರೆ ಬೆಳೆದ ತೋಳುಗಳೆಲ್ಲ ಒಂದೇ ಕಡೆ ನುಗ್ಗುವಾಗ ಇಕ್ಕಟ್ಟಾಗಿ, ಕೆಲವು ಹೊರಗೇ ಉಳಿಯುವುದುಂಟು.

ಮೊದಲನೆಯ ಮಾರ್ಗದ ಒಂದು ಪ್ರಸಿದ್ಧ ತಯಾರಿಕೆ ಹೀಗಿದೆ. ‘ಪೆಂಟಎರಿತ್ರಿಟಾಲ್’ ಎಂಬ ಬಿಳಿಯ ಪುಡಿ ಕೇಂದ್ರದ ಕೆಲಸಕ್ಕೆ ಬರುತ್ತದೆ. ಅದರ ಅಣುವಿನ ನಡುವೆ ಒಂದು ಇಂಗಾಲದ ಪರಮಾಣು. ಅದರಿಂದ ನಾಲ್ಕು ದಿಕ್ಕಿಗೆ ನಾಲ್ಕು ಕೊಂಬೆ. ಪ್ರತಿ ಕೊಂಬೆಯ ತುದಿಯಲ್ಲೂ ಇನ್ನೊಂದು ಅಣುವನ್ನು ಹಿಡಿಯಬಲ್ಲ ಒಂದು ಕೊಕ್ಕೆ. ಇದಕ್ಕೆ ‘ಕ್ಯಾಪ್ರೊಲ್ಯಾಕ್ಟೋನ್’ ಎಂಬ ದ್ರವವನ್ನು ಸೇರಿಸುತ್ತಾರೆ. ಅದರ ಅಣು ಬಳೆಯಂತೆ ಉಂಗುರಾಕಾರ. ತವರದ ಒಂದು ಸಂಯುಕ್ತವನ್ನು ಚಿಟಿಕೆಯಷ್ಟು ಹಾಕಿ, ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ, ಬಳೆಗಳು ಒಂದೊಂದಾಗಿ ತೆರೆದುಕೊಂಡು ಕೊಕ್ಕೆಗೆ ಸೇರುತ್ತ, ತಾವೇ ಮುಂದಿನ ಬಳೆಗೆ ಕೊಕ್ಕೆಯಾಗುತ್ತ ಹೋಗುತ್ತವೆ. ಲೆಕ್ಕ ಸರಳ: ಒಂದು ಕೇಂದ್ರಕ್ಕೆ 80 ಬಳೆಗಳಂತೆ ಹಾಕಿದರೆ ನಾಲ್ಕು ತೋಳುಗಳಿಗೂ ಸರಾಸರಿ ಇಪ್ಪತ್ತಿಪ್ಪತ್ತು.

ಲೆಕ್ಕ ಸರಳವಾದರೂ ಕೆಲಸ ಸರಳವಲ್ಲ. ಪಾತ್ರೆಯೊಳಗೆ ನೀರಿನ ತೇವ ಸ್ವಲ್ಪವೂ ಇರಕೂಡದು. ನೀರಿನ ಅಣುವೂ ಬಳೆಯನ್ನು ತೆರೆಯಬಲ್ಲದು; ಅದು ನಡುವೆ ನುಸುಳಿದರೆ ಕೇಂದ್ರವಿಲ್ಲದ ಬಿಡಿ ಸರಪಳಿಗಳು ಬೆಳೆದು, ನಕ್ಷತ್ರಗಳ ನಡುವೆ ಕಳೆಯಂತೆ ತುಂಬಿಕೊಳ್ಳುತ್ತವೆ. ಆದುದರಿಂದ ಗಾಜಿನ ಪಾತ್ರೆಗಳನ್ನು ಕಾಯಿಸಿ ಒಣಗಿಸಿ, ಗಾಳಿಯನ್ನು ಹೊರದೂಡಿ, ಒಣ ನೈಟ್ರೊಜನ್ ತುಂಬಿ ಕೆಲಸ ನಡೆಸುತ್ತಾರೆ. ಹಪ್ಪಳದ ಹಿಟ್ಟಿಗೆ ಒಂದು ಹನಿ ನೀರು ಹೆಚ್ಚಾದರೆ ಗೃಹಿಣಿಗೆ ಆಗುವ ಕಷ್ಟಕ್ಕಿಂತ ಇಲ್ಲಿಯ ಕಷ್ಟ ನೂರುಮಡಿ.

ಇಷ್ಟಾದರೆ ತೋಳಿನ ಒಳಭಾಗ ಸಿದ್ಧವಾಯಿತು. ಇದು ನೀರನ್ನು ಒಲ್ಲದ ಭಾಗ. ಹೊರಭಾಗಕ್ಕೆ ‘ಪಾಲಿಎಥಿಲೀನ್ ಗ್ಲೈಕಾಲ್’ ಎಂಬ, ನೀರಿಗೆ ಒಲಿಯುವ ಸರಪಳಿಯನ್ನು ಬೆಸೆಯಬೇಕು. ಈ ಬೆಸುಗೆಗೆ ‘ಕಾರ್ಬೊಡೈಇಮೈಡ್’ ವರ್ಗದ ವಸ್ತುವೊಂದು ಮದುವೆಯ ದಲ್ಲಾಳಿಯಂತೆ ನೆರವಾಗುತ್ತದೆ. ಎರಡು ಕಡೆಯವರನ್ನೂ ಕೂಡಿಸಿ, ಅವರ ನಡುವಿನ ನೀರಿನ ಅಂಶವನ್ನು ತಾನು ಹೊತ್ತುಕೊಂಡು, ಬೇರೊಂದು ವಸ್ತುವಾಗಿ ಬದಿಗೆ ಸರಿಯುತ್ತದೆ. ಅದನ್ನು ಸೋಸಿ ತೆಗೆದು, ದ್ರಾವಣವನ್ನು ತಣ್ಣನೆಯ ಈಥರಿಗೆ ಸುರಿದರೆ ನಕ್ಷತ್ರಗಳು ಬಿಳಿಯ ಪುಡಿಯಾಗಿ ತಳಕ್ಕೆ ಇಳಿಯುತ್ತವೆ.

ಇನ್ನೂ ಹೆಚ್ಚು ತೋಳುಗಳು ಬೇಕಾದರೆ ಬೇರೆ ಕೇಂದ್ರಗಳುಂಟು. ಪಿಷ್ಟದಿಂದ ತಯಾರಾಗುವ ‘ಬೀಟಾ ಸೈಕ್ಲೊಡೆಕ್ಸ್‌ಟ್ರಿನ್’ ಎಂಬ ಉಂಗುರದಲ್ಲಿ 7 ಗ್ಲೂಕೋಸ್ ಘಟಕಗಳು, ಪ್ರತಿಯೊಂದರಲ್ಲೂ 3 ಕೊಕ್ಕೆಗಳು. ಒಟ್ಟು 21 ತೋಳುಗಳಿಗೆ ಎಡೆ. ತೋಳುಗಳನ್ನು ಒಂದೇ ಉದ್ದಕ್ಕೆ ಬೆಳೆಸುವ ವಿದ್ಯೆಯೂ ಮುಂದುವರಿದಿದೆ. ಮೈಕೆಲ್ ಸ್ವಾರ್ಕ್ 1956ರಲ್ಲಿ, ಹೊಸ ಮೊನೊಮರ್ ಕೊಟ್ಟಷ್ಟೂ ಮತ್ತೆ ಮತ್ತೆ ಬೆಳೆಯುವ ‘ಜೀವಂತ ಪಾಲಿಮರು’ಗಳನ್ನು ತೋರಿಸಿದರು. 1995ರಲ್ಲಿ ಅಮೆರಿಕದಲ್ಲಿ ಮ್ಯಾಟಿಯಾಶೆವ್ಸ್ಕಿ, ಜಪಾನಿನಲ್ಲಿ ಸವಮೊಟೊ ಇವರು ಬೇರೆಬೇರೆಯಾಗಿ ಪ್ರಕಟಿಸಿದ ವಿಧಾನಗಳಿಂದ ಅಂಥ ಹತೋಟಿ ಇನ್ನೂ ಅನೇಕ ಬಗೆಯ ಪಾಲಿಮರುಗಳಿಗೆ ದೊರೆಯಿತು. ಆದರೆ ಕೆಲಸ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದ ತಾಮ್ರ, ತವರಗಳಂಥ ಲೋಹಗಳನ್ನು ಶೋಧಿಸಿ ತೆಗೆಯಬೇಕು. ರೋಗಿಯ ರಕ್ತಕ್ಕೆ ಅವು ಸೇರಕೂಡದು.

ಹೊರೆ ಇಳಿಸುವ ಗಳಿಗೆ

ಔಷಧವನ್ನು ತುಂಬುವ ಒಂದು ಕ್ರಮ ಹೀಗೆ: ನಕ್ಷತ್ರಗಳನ್ನೂ ಔಷಧವನ್ನೂ ಎರಡಕ್ಕೂ ಹೊಂದುವ ಒಂದು ದ್ರಾವಕದಲ್ಲಿ ಕರಗಿಸಿ, ಸೂಕ್ಷ್ಮ ರಂಧ್ರಗಳ ಚೀಲದಲ್ಲಿ ಕಟ್ಟಿ, ನೀರಿನಲ್ಲಿ ಮುಳುಗಿಸಿಡುತ್ತಾರೆ. ದ್ರಾವಕ ನಿಧಾನವಾಗಿ ಹೊರಹೋಗಿ ನೀರು ಒಳಬರುತ್ತದೆ. ನೀರಿಗೆ ಅಂಜುವ ಔಷಧ ನಕ್ಷತ್ರದ ಒಳಗೆ ಆಶ್ರಯ ಪಡೆಯುತ್ತದೆ. ಈ ಬಗೆಯ ವಾಹನಗಳ ಗಾತ್ರ ಸಾಮಾನ್ಯವಾಗಿ 10ರಿಂದ 100 ನ್ಯಾನೊಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್ ಎಂದರೆ, 20 ನ್ಯಾನೊಮೀಟರಿನ ವಾಹನಗಳನ್ನು ಕೂದಲಿನ ಅಡ್ಡಕ್ಕೆ ಸಾಲಾಗಿ ಇಟ್ಟರೆ ನಾಲ್ಕು ಸಾವಿರ ಹಿಡಿದಾವು!

ಈ ಗಾತ್ರದ ಆಯ್ಕೆಗೂ ಕಾರಣವಿದೆ. ಸುಮಾರು 5–6 ನ್ಯಾನೊಮೀಟರಿಗಿಂತ ಚಿಕ್ಕ ಕಣಗಳನ್ನು ಮೂತ್ರಪಿಂಡಗಳು ಬೇಗನೆ ಸೋಸಿ ಹೊರಹಾಕುತ್ತವೆ; ತೀರ ದೊಡ್ಡವನ್ನು ಯಕೃತ್ತು, ಗುಲ್ಮಗಳು ಹಿಡಿದುಹಾಕುತ್ತವೆ. ನಡುವಿನ ಗಾತ್ರದವು ರಕ್ತದಲ್ಲಿ ಬಹಳ ಹೊತ್ತು ಸುತ್ತಬಲ್ಲವು. ಗಡ್ಡೆಯೊಳಗೆ ಅವಸರದಲ್ಲಿ ಬೆಳೆದ ರಕ್ತನಾಳಗಳ ಗೋಡೆಗಳಲ್ಲಿ ಬಿರುಕುಗಳಿರುವುದರಿಂದ, ಅಂಥ ಕಣಗಳು ಅಲ್ಲಿ ಸೋರಿ ಶೇಖರವಾಗುತ್ತವೆಂದು 1986ರಲ್ಲಿ ಜಪಾನಿನ ಮತ್ಸುಮುರ ಮತ್ತು ಹಿರೋಷಿ ಮಾಯೆದ ತೋರಿಸಿದರು. ವಿಳಾಸ ತಿಳಿಯದ ಮದ್ದಿಗೆ ಹೀಗೆ ಒಂದು ಗುರುತು ಸಿಕ್ಕಿತು.

ಗುರಿ ಮುಟ್ಟಿದ ಮೇಲೆ ಹೊರೆ ಇಳಿಸಬೇಕಷ್ಟೆ. ಅದಕ್ಕೂ ಉಪಾಯಗಳಿವೆ. ಆರೋಗ್ಯವಂತ ರಕ್ತದ ಪಿಎಚ್ 7.4, ಅನೇಕ ಗಡ್ಡೆಗಳ ಸುತ್ತಲ ಪರಿಸರ ಅದಕ್ಕಿಂತ ಸ್ವಲ್ಪ ಹುಳಿ, ಜೀವಕೋಶದೊಳಗೆ ಹೊರಗಿನ ವಸ್ತುಗಳನ್ನು ಜೀರ್ಣಿಸುವ ಚೀಲಗಳಲ್ಲಿ ಹುಳಿ ಇನ್ನೂ ಹೆಚ್ಚು, ಪಿಎಚ್ ಸುಮಾರು 5. ರಕ್ತದಲ್ಲಿ ಗಟ್ಟಿಯಾಗಿದ್ದು ಹುಳಿಯಲ್ಲಿ ಮುರಿಯುವ ಬಂಧದಿಂದ ಔಷಧವನ್ನು ತೋಳಿಗೆ ಕಟ್ಟಿದರೆ, ಬೀಗವೂ ಕೀಲಿಯೂ ತಾವಾಗಿ ಸಂಧಿಸಿದಂತಾಯಿತು. ಹೊರೆ ಇಳಿದ ನಕ್ಷತ್ರದ ಒಳತೋಳುಗಳು ದೇಹದ ನೀರಿನಲ್ಲಿ ಮೆಲ್ಲಮೆಲ್ಲನೆ ಸವೆದು ಸಣ್ಣ ಅಣುಗಳಾಗುತ್ತವೆ.

ಕಡೆಯ ಪರೀಕ್ಷಕ

ಇಲ್ಲಿಯವರೆಗಿನ ವೃತ್ತಾಂತವನ್ನು ಕೇಳಿದವರು, ಹಾಗಾದರೆ ಇನ್ನೇನು, ಕ್ಯಾನ್ಸರ್ ಗೆದ್ದಂತೆಯೇ ಎಂದಾರು. ಗಾಜಿನ ಪಾತ್ರೆಯಲ್ಲಿ ಜಾಣನೆನಿಸಿಕೊಂಡ ನಕ್ಷತ್ರ ಮನುಷ್ಯದೇಹವೆಂಬ ಪರೀಕ್ಷಕನ ಮುಂದೆ ನಿಂತಾಗ ಆದುದೇನೆಂಬುದನ್ನೂ ಕೇಳಬೇಕು.

ಚೀನದಲ್ಲಿ ಬೆಳೆಯುವ ಒಂದು ಮರದಿಂದ, ಯೂ ಮರದ ಕಥೆಯಲ್ಲಿ ಬಂದ ಅದೇ ವಾಲ್ ಮತ್ತು ವಾನಿಯವರ ತಂಡ 1966ರಲ್ಲಿ ‘ಕ್ಯಾಂಪ್ಟೊಥೆಸಿನ್’ ಎಂಬ ವಸ್ತುವನ್ನು ಬೇರ್ಪಡಿಸಿತ್ತು. ಸಹ್ಯಾದ್ರಿಯ ಕಾಡುಗಳಲ್ಲಿ, ಕನ್ನಡನಾಡಿನ ಘಟ್ಟಗಳಲ್ಲಿಯೂ ಬೆಳೆಯುವ ‘ನೋಥಪೊಡೈಟಿಸ್’ ಎಂಬ ದುರ್ವಾಸನೆಯ ಮರದಲ್ಲಿಯೂ ಅದೇ ವಸ್ತು ಇದೆಯೆಂದು 1972ರಲ್ಲಿ ಭಾರತೀಯ ವಿಜ್ಞಾನಿಗಳಾದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಪ್ರಕಟಿಸಿದರು. ಇದೂ ನೀರಿಗೆ ಕರಗದ ಜಾತಿಯೇ. ನೀರಿಗೆ ಹೊಂದಿಸಿ ಅದರಿಂದ ತಯಾರಿಸಿದ ‘ಇರಿನೊಟೆಕಾನ್’ 1990ರ ದಶಕದಲ್ಲಿ ಬಳಕೆಗೆ ಬಂದಿತು. ಆದರೆ ಅದು ದೇಹದಲ್ಲಿ ಬಹುಕಾಲ ನಿಲ್ಲದು; ಅದರಿಂದಾಗುವ ಭೇದಿ ರೋಗಿಗಳನ್ನು ಕಂಗೆಡಿಸುವಂಥದು.

ಅಮೆರಿಕದ ಒಂದು ಕಂಪೆನಿ ಈ ಔಷಧವನ್ನು ನಕ್ಷತ್ರಕ್ಕೆ ಕಟ್ಟಿತು. ಕೇಂದ್ರದಲ್ಲಿ ಅದೇ ಪೆಂಟಎರಿತ್ರಿಟಾಲ್, ನಾಲ್ಕು ತೋಳುಗಳು, ಒಂದೊಂದು ತೋಳಿನ ತುದಿಯಲ್ಲೂ ಒಂದೊಂದು ಇರಿನೊಟೆಕಾನ್ ಅಣು. ತೋಳುಗಳು ಪಾಲಿಎಥಿಲೀನ್ ಗ್ಲೈಕಾಲಿನವು ಮಾತ್ರವೇ ಆದುದರಿಂದ ಇದು ಕೋಪಾಲಿಮರಲ್ಲ, ಅದರ ಸರಳನಾದ ಸೋದರ. ‘ಎಟಿರಿನೊಟೆಕಾನ್ ಪೆಗಾಲ್’ ಎಂದು ಇದಕ್ಕೆ ಹೆಸರು. ಬಂಧ ನಿಧಾನವಾಗಿ ಬಿಡುತ್ತಿದ್ದುದರಿಂದ ಮದ್ದು ವಾರಗಟ್ಟಲೆ ರಕ್ತದಲ್ಲಿ ಉಳಿಯಿತು. ಮೂರು ವಾರಕ್ಕೊಮ್ಮೆ ಕೊಟ್ಟರೆ ಸಾಕಾಯಿತು.

ಮುಂದುವರಿದ ಸ್ತನ ಕ್ಯಾನ್ಸರಿನಿಂದ ನರಳುತ್ತಿದ್ದು, ಬೇರೆ ಚಿಕಿತ್ಸೆಗಳನ್ನೆಲ್ಲ ಆಗಲೇ ಪಡೆದಿದ್ದ 852 ಮಹಿಳೆಯರ ಮೇಲೆ ಇದರ ದೊಡ್ಡ ಪರೀಕ್ಷೆ ನಡೆಯಿತು. ಸುಮಾರು ಅರ್ಧ ಮಂದಿಗೆ ನಕ್ಷತ್ರದ ಔಷಧ. ಉಳಿದವರಿಗೆ ಅವರವರ ವೈದ್ಯರು ಆರಿಸಿದ, ಬಳಕೆಯಲ್ಲಿದ್ದ ಔಷಧ. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ತೀವ್ರವಾದ ಅಡ್ಡಪರಿಣಾಮಗಳು ನಕ್ಷತ್ರದ ಗುಂಪಿನಲ್ಲಿ ಶೇಕಡ 48 ಮಂದಿಗೆ, ಇನ್ನೊಂದು ಗುಂಪಿನಲ್ಲಿ ಶೇಕಡ 63 ಮಂದಿಗೆ ಕಂಡವು. ಇದು ಸಣ್ಣ ಲಾಭವಲ್ಲ. ಆದರೆ ಮುಖ್ಯ ಪ್ರಶ್ನೆ ಆಯುಷ್ಯದ್ದು. ನಕ್ಷತ್ರದ ಗುಂಪಿನ ಅರ್ಧದಷ್ಟು ಮಂದಿ ಬದುಕಿದ್ದ ಅವಧಿ 12.4 ತಿಂಗಳು, ಇನ್ನೊಂದರಲ್ಲಿ 10.3 ತಿಂಗಳು. ಎರಡು ತಿಂಗಳ ಅಂತರವಿದ್ದರೂ, ಅದು ಔಷಧದಿಂದಲೇ ಬಂದುದೆ ಅಥವಾ ಕಾಕತಾಳೀಯವೆ ಎಂದು ನಿರ್ಣಯಿಸಲು ಮೊದಲೇ ಒಪ್ಪಿಕೊಂಡಿದ್ದ ಗಣಿತದ ಅಳತೆಯನ್ನು ಅದು ದಾಟಲಿಲ್ಲ. ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಆರು ಸಲ ರಾಜನ ಮುಖ ಬಿದ್ದರೆ ನಾಣ್ಯವೇ ಓರೆಯೆಂದು ಯಾರೂ ಹೇಳುವುದಿಲ್ಲವಲ್ಲ!

ಆದರೂ ಒಂದು ಮಿಣುಕು ಕಂಡಿತ್ತು. ರೋಗ ಮೆದುಳಿಗೂ ಹಬ್ಬಿದ್ದ 67 ಮಂದಿಯನ್ನು ಮಾತ್ರ ಬೇರೆಯಾಗಿ ನೋಡಿದಾಗ ಅವಧಿ 4.8 ತಿಂಗಳಿಂದ 10 ತಿಂಗಳಿಗೆ ಏರಿದಂತೆ ತೋರಿತು. ಇಮ್ಮಡಿ ಆಯುಷ್ಯ! ಅಷ್ಟಕ್ಕೇ ಹಿಗ್ಗಿ ಔಷಧವನ್ನು ಮಾರುಕಟ್ಟೆಗೆ ಬಿಡಬಹುದಿತ್ತೆ? 2017ರಲ್ಲಿ ಯೂರೋಪಿನ ಔಷಧ ಪ್ರಾಧಿಕಾರ ಒಪ್ಪಲಿಲ್ಲ. ಮೆದುಳಿಗೆ ರೋಗ ಹಬ್ಬಿದವರಿಗಾಗಿಯೇ ಪ್ರತ್ಯೇಕ ಪರೀಕ್ಷೆ ನಡೆಯಿತು. 178 ಮಂದಿ ಅದಕ್ಕೆ ಒಳಪಟ್ಟರು. 2020ರಲ್ಲಿ ಉತ್ತರ ತಿಳಿಯಿತು: ಎರಡು ಗುಂಪುಗಳ ಆಯುಷ್ಯದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಮೊದಲು ಕಂಡ ಮಿಣುಕು ನಿಲ್ಲಲಿಲ್ಲ.

ಸೋಲಿನ ಲೆಕ್ಕ

ನಕ್ಷತ್ರದ ವಿದ್ಯೆ ಸುಳ್ಳೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಅದು ಮದ್ದನ್ನು ಹೊತ್ತಿತು, ರಕ್ತದಲ್ಲಿ ನಿಲ್ಲಿಸಿತು, ಕಾಟವನ್ನು ಕಡಿಮೆ ಮಾಡಿತು. ಆದರೆ ವಾಹನ ಗಟ್ಟಿಯಾದ ಮಾತ್ರಕ್ಕೆ ಊರು ತಲುಪಿತೆಂದು ಹೇಳಲಾಗದು. ಇಂಥ ಸೂಕ್ಷ್ಮ ವಾಹನಗಳನ್ನು ಕುರಿತು ಹತ್ತು ವರ್ಷಗಳಲ್ಲಿ ನಡೆದ ಪ್ರಾಣಿಪ್ರಯೋಗಗಳನ್ನೆಲ್ಲ ಕೆನಡದ ಟೊರಾಂಟೊ ವಿಶ್ವವಿದ್ಯಾನಿಲಯದ ವಾರನ್ ಚಾನ್ ಅವರ ತಂಡ 2016ರಲ್ಲಿ ಒಟ್ಟುಗೂಡಿಸಿ ನೋಡಿತು. ಕೊಟ್ಟ ವಾಹನಗಳಲ್ಲಿ ಗಡ್ಡೆಯನ್ನು ಮುಟ್ಟಿದುವು, ಮಧ್ಯಮ ಲೆಕ್ಕದಲ್ಲಿ, ಶೇಕಡ 0.7 ಮಾತ್ರ, ಸಾವಿರಕ್ಕೆ ಏಳು. ರಕ್ತನಾಳಗಳ ಬಿರುಕು ಒಬ್ಬೊಬ್ಬ ರೋಗಿಯಲ್ಲಿ ಒಂದೊಂದು ತೆರ. ಒಬ್ಬರ ಮೈಯಲ್ಲಿಯೇ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಬೇರೆ. ಇಲಿಯ ಮೈಯಲ್ಲಿ ಕೆಲವೇ ದಿನಗಳಲ್ಲಿ ಬೆಳೆಸಿದ ಗಡ್ಡೆ, ಮನುಷ್ಯನಲ್ಲಿ ವರ್ಷಗಟ್ಟಲೆ ಬೆಳೆದ ಗಡ್ಡೆಯಂಥದಲ್ಲ.

ಆದುದರಿಂದಲೇ ಪ್ರಯೋಗಶಾಲೆಗಳಲ್ಲಿ ಒಲೆ ಆರಿಲ್ಲ. ತೋಳುಗಳ ಸಂಖ್ಯೆ, ಉದ್ದ, ಬಂಧಗಳ ಬಗೆ, ಹೊರತುದಿಯಲ್ಲಿ ರೋಗಕೋಶವನ್ನು ಗುರುತಿಸಬಲ್ಲ ಅಣುಗಳನ್ನು ಕಟ್ಟುವುದು—ಇವುಗಳಲ್ಲಿ ಕೆಲಸ ನಡೆಯುತ್ತಲೇ ಇದೆ. ಮನೆಯಲ್ಲಿ ರೋಗಿಯನ್ನಿಟ್ಟುಕೊಂಡು, ಪತ್ರಿಕೆಯಲ್ಲಿ ‘ಕ್ಯಾನ್ಸರಿಗೆ ಹೊಸ ಮದ್ದು’ ಎಂಬ ತಲೆಬರಹ ಕಂಡು ಎದೆ ಹಾರುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದು ಗಾಜಿನ ತಟ್ಟೆಯಲ್ಲಿ ಕಂಡ ಫಲವೆ? ಇಲಿಯಲ್ಲಿ ಕಂಡ ಫಲವೆ? ಮನುಷ್ಯರ ಎರಡು ಗುಂಪುಗಳನ್ನು ಹೋಲಿಸಿ ಕಂಡ ಫಲವೆ? ಮೊದಲನೆಯದರಿಂದ ಮೂರನೆಯದಕ್ಕೆ ಬರುವ ದಾರಿ ಬಹು ದೂರ. ನಡುವೆ ಬಿದ್ದುಹೋದವು ಬಹಳ.

ಆ 852 ಮಹಿಳೆಯರಲ್ಲಿ ಯಾರಿಗೂ, ತಮಗೆ ಗುಣವಾದೀತೆಂಬ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಯಾವ ಗುಂಪಿಗೆ ಸೇರುವರೆಂಬುದನ್ನು ಆರಿಸಿಕೊಳ್ಳುವ ಅವಕಾಶವೂ ಅವರಿಗೆ ಇರಲಿಲ್ಲ. ಅದನ್ನು ತಿಳಿದೇ ಅವರು ಒಪ್ಪಿದರು. ಅವರು ಒಪ್ಪದೆ ಹೋಗಿದ್ದರೆ, 67 ಮಂದಿಯಲ್ಲಿ ಕಂಡಂಥ ಮಿಣುಕನ್ನು ನಂಬಿ ಎಷ್ಟು ಮನೆಗಳು ಸಾಲ ಮಾಡುತ್ತಿದ್ದುವೋ! ಮುಂದೆ ಎಂದಾದರೊಂದು ದಿನ, ಹೊರೆ ಹೊತ್ತ ನಕ್ಷತ್ರ ಸರಿಯಾದ ಮನೆಯ ಬಾಗಿಲನ್ನೇ ತಟ್ಟಿದರೆ, ಅದಕ್ಕೆ ದಾರಿ ತೋರಿಸಿದವರಲ್ಲಿ ಗಾಜಿನ ಪಾತ್ರೆಯ ಮುಂದೆ ಕುಳಿತವರ ಜೊತೆಗೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಈ ತಾಯಂದಿರೂ ಇರುತ್ತಾರೆ.